ಮೀನು ತುಂಬಿದ ಉಪ್ಪುನೀರಿನ ಟ್ಯಾಂಕ್: ನೈಟ್ರೇಟ್ ಇಳಿಯುತ್ತಿಲ್ಲ, ಸಿಗಡಿಗಳು ಉಳಿಯುತ್ತಿಲ್ಲ

ತೋಟದಮನೆ, ಬದಿಯಡ್ಕ | ಜೂನ್ 22

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಚಾವಡಿಯಲ್ಲಿ ನಾಲ್ಕು ವರ್ಷಗಳಿಂದ ಒಂದು ಉಪ್ಪುನೀರಿನ ಅಕ್ವೇರಿಯಂ ಇದೆ. ಮೇಲಿನ ಗಾಜಿನ ಟ್ಯಾಂಕ್ ಮತ್ತು ಕೆಳಗಿನ ಸಂಪ್ ಸೇರಿಸಿ, ಕಲ್ಲು ಮರಳು ಹಿಡಿಯುವ ಜಾಗವನ್ನು ಕಳೆದರೆ, ಅದರಲ್ಲಿರುವ ನೀರು ಸುಮಾರು 500 ಲೀಟರ್. ಕ್ಲೌನ್ ನಾಲ್ಕು, ಡ್ಯಾಮ್ಸೆಲ್ ಎಂಟು, ಟ್ಯಾಂಗ್ ಮೂರು, ಏಂಜೆಲ್ ಎರಡು, ಗೋಬಿ ಮತ್ತು ರಾಸ್ ಜಾತಿಯವು ಐದು, ಹೀಗೆ ಒಟ್ಟು 22 ಮೀನುಗಳಿವೆ. ಅಷ್ಟು ನೀರಿಗೆ ಇದು ಹೆಚ್ಚಾಯಿತೆಂದು ನನಗೂ ಗೊತ್ತು. ಆದರೆ ಒಂದೊಂದನ್ನೂ ಬೆರಳಿನಷ್ಟಿದ್ದಾಗಿನಿಂದ ಸಾಕಿ ದೊಡ್ಡದು ಮಾಡಿದವನಿಗೆ ಯಾವುದನ್ನು ಬೇರೆಯವರಿಗೆ ಕೊಡುವುದೆಂದು ತೋಚದೆ ದಿನ ತಳ್ಳುತ್ತಾ ಬಂದಿದ್ದೇನೆ.

ನನ್ನ ತೊಂದರೆ ಎರಡು. ಪ್ರತಿ ಭಾನುವಾರ ತಪ್ಪದೆ 100 ಲೀಟರ್ ನೀರು ತೆಗೆದು ಹೊಸ ಉಪ್ಪುನೀರು ತುಂಬಿಸುತ್ತಿದ್ದರೂ ನೈಟ್ರೇಟ್ ಲೀಟರಿಗೆ 80ರಿಂದ 100 ಮಿಲಿಗ್ರಾಮಿನ ನಡುವೆಯೇ ನಿಂತಿದೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ. ಉಷ್ಣತೆ 28 ಡಿಗ್ರಿ, ಸಾಂದ್ರತೆ 1.025. ಕ್ಷಾರತೆ (ಆಮ್ಲವನ್ನು ತಡೆಯುವ ಶಕ್ತಿ, ಅದರ ಅಳತೆ ಡಿಕೆಎಚ್) ಮಾತ್ರ 6.2 ಡಿಕೆಎಚ್‌ಗೆ ಕುಸಿದಿದೆ, ಬೆಳಗ್ಗಿನ ಪಿಎಚ್ 7.7 ತೋರಿಸುತ್ತದೆ. ಎರಡನೆಯದು ಈ ತಿಂಗಳು ಶುರುವಾದದ್ದು: ಐದು ಕ್ಲೀನರ್ ಸಿಗಡಿಗಳಲ್ಲಿ ಮೂರು ಹತ್ತು ದಿನಗಳೊಳಗೆ ಸತ್ತವು, ಬಸವನಹುಳುಗಳು ಗಾಜನ್ನು ಹಿಡಿಯಲಾರದೆ ಮರಳಿನ ಮೇಲೆ ಅಂಗಾತ ಬಿದ್ದಿವೆ. ಮೀನುಗಳು ಮಾತ್ರ ಎಂದಿನಂತೆ ತಿನ್ನುತ್ತಿವೆ. ನೈಟ್ರೇಟ್ ಹೆಚ್ಚಾದುದೇ ಸಿಗಡಿಗಳ ಸಾವಿಗೆ ಕಾರಣವೇ? ದಯವಿಟ್ಟು ತಿಳಿದವರು ಹೇಳಬೇಕು.

ಹೊಸದುರ್ಗದ ಮೀನುಗೂಡು | ಜೂನ್ 22

ಅಣ್ಣಾ, 500 ಲೀಟರಿಗೆ ಮೂರು ಟ್ಯಾಂಗ್, ಎರಡು ಏಂಜೆಲ್ ಎಂದರೆ ಮಿಕ್ಕದ್ದನ್ನು ಎಣಿಸದಿದ್ದರೂ ಟ್ಯಾಂಕ್ ತುಂಬಿತು. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಯಂತ್ರ ಎಷ್ಟು ದೊಡ್ಡದಿದೆ, ಅದರ ಕೊರಳನ್ನು ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ ಎಂದು ತಿಳಿಸಿ. ಕೊರಳಿನ ಒಳಗೆ ಜಿಡ್ಡು ಕಟ್ಟಿದರೆ ನೊರೆ ಮೇಲೇರುವುದಿಲ್ಲ, ಯಂತ್ರ ಓಡುತ್ತಿರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಮಂಜೇಶ್ವರದ ಕೆಮಿಸ್ಟ್ರಿ ಟೀಚರ್ | ಜೂನ್ 23

ಉತ್ತರ ಕೊಡುವ ಮೊದಲು ನನಗೆ ಎರಡು ಸಂಗತಿಗಳು ಬೇಕು. ದಿನಕ್ಕೆ ಹಾಕುವ ಆಹಾರ ಎಷ್ಟು ಗ್ರಾಂ? ಚಿಟಿಕೆಯ ಲೆಕ್ಕ ಬೇಡ, ಬಂಗಾರದ ಅಂಗಡಿಯಲ್ಲಿರುವಂತಹ ಸಣ್ಣ ತಕ್ಕಡಿಯಲ್ಲಿ ತೂಗಿ ಹೇಳಿ. ಇನ್ನೊಂದು, ಉಪ್ಪು ಕಲಸುವ ನೀರನ್ನೂ, ಆವಿಯಾದುದಕ್ಕೆ ದಿನದಿನ ತುಂಬಿಸುವ ಸಿಹಿನೀರನ್ನೂ ಎಲ್ಲಿಂದ ತರುತ್ತೀರಿ? ಸಿಗಡಿ ಸತ್ತು ಮೀನು ಉಳಿಯಿತೆಂಬ ಮಾತು ನನ್ನನ್ನು ನೈಟ್ರೇಟಿನ ಆಚೆಗೆ ಕರೆದುಕೊಂಡು ಹೋಗುತ್ತಿದೆ.

ತೋಟದಮನೆ, ಬದಿಯಡ್ಕ | ಜೂನ್ 24

ಟೀಚರೇ, ತೂಗಿದೆ. ಬೆಳಗ್ಗೆ ಮೂರು ಗ್ರಾಂ, ರಾತ್ರಿ ಮೂರು ಗ್ರಾಂ ಒಣ ಗುಳಿಗೆ ಹಾಕುತ್ತಿದ್ದೆನೆಂದು ಈಗ ಗೊತ್ತಾಯಿತು. ಡಬ್ಬಿಯ ಮೇಲೆ ಪ್ರೋಟೀನ್ ಶೇಕಡಾ 45 ಎಂದಿದೆ. ನೀರಿನ ಬಗ್ಗೆ ಹೇಳುವುದಾದರೆ, ಬೇಸಗೆಯಲ್ಲಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಲ್ಲಿ ಒಸರುವ ನೀರನ್ನು ಆರ್‌ಒ ಯಂತ್ರದಲ್ಲಿ ಸೋಸಿ ಬಳಸುತ್ತೇನೆ. ಮಳೆ ಹಿಡಿದ ಮೇಲೆ ಮಾಡಿನಿಂದ ಇಳಿಯುವ ನೀರನ್ನು 200 ಲೀಟರಿನ ಡ್ರಮ್ಮಿನಲ್ಲಿ ಹಿಡಿದು, ಬಟ್ಟೆಯಲ್ಲಿ ಸೋಸಿ ಅದನ್ನೇ ಬಳಸುತ್ತಿದ್ದೇನೆ. ಮಳೆನೀರಿಗಿಂತ ಶುದ್ಧವಾದ ನೀರು ಯಾವುದಿದೆ ಎಂದುಕೊಂಡಿದ್ದೆ.

ಹೊಸದುರ್ಗದವರಿಗೆ: ಸ್ಕಿಮ್ಮರಿನ ಕೊರಳನ್ನು ತಿಂಗಳಿಗೊಮ್ಮೆ ತೊಳೆಯುತ್ತಿದ್ದೆ. ನಿನ್ನೆ ಬಿಚ್ಚಿ ನೋಡಿದರೆ ಬೆರಳಿಗೆ ಅಂಟುವ ಕಂದು ಲೋಳೆ ಸುತ್ತಲೂ ಕಟ್ಟಿತ್ತು. ತೊಳೆದಿಟ್ಟ ಮೇಲೆ ಒಂದೇ ರಾತ್ರಿಯಲ್ಲಿ ಕಷಾಯದ ಬಣ್ಣದ ನೀರು ಅರ್ಧ ಲೋಟ ತುಂಬಿದೆ.

ಮಂಜೇಶ್ವರದ ಕೆಮಿಸ್ಟ್ರಿ ಟೀಚರ್ | ಜೂನ್ 25

ಮೊದಲು ನೈಟ್ರೇಟಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ವಾರವಾರ ನೀರು ಬದಲಿಸಿದರೂ ಅಂಕಿ ಅಲ್ಲೇ ನಿಲ್ಲುತ್ತದೆಂದು ಬೇಸತ್ತು ಟ್ಯಾಂಕನ್ನೇ ಮಾರಿದವರನ್ನು ನಾನು ನೋಡಿದ್ದೇನೆ. ಅಂಕಿ ಅಲ್ಲೇ ನಿಲ್ಲುವುದಕ್ಕೆ ಕಾರಣ ನಿಮ್ಮ ಕೈಯಲ್ಲಿರುವ ಆಹಾರದ ಡಬ್ಬಿಯಲ್ಲೇ ಇದೆ.

ಪ್ರೋಟೀನಿನ ತೂಕದಲ್ಲಿ ಸಾರಜನಕದ ಪಾಲು ಶೇಕಡಾ 16. ಹಾಗಾಗಿ ಶೇಕಡಾ 45 ಪ್ರೋಟೀನ್ ಇರುವ ಆರು ಗ್ರಾಂ ಗುಳಿಗೆಯೊಡನೆ ದಿನಕ್ಕೆ 0.43 ಗ್ರಾಂ ಸಾರಜನಕ ನೀರಿಗೆ ಇಳಿಯುತ್ತದೆ. ಅದರಲ್ಲಿ ಕಾಲು ಭಾಗ ಮೀನಿನ ಮೈಗೆ ಹತ್ತಿತೆಂದು ಇಟ್ಟುಕೊಳ್ಳೋಣ. ಉಳಿದದ್ದು ಕಿವಿರುಗಳ ಮೂಲಕವೂ ಹಿಕ್ಕೆಯ ಮೂಲಕವೂ ಅಮೋನಿಯವಾಗಿ ಹೊರಬರುತ್ತದೆ. ಕಲ್ಲಿನ ಮೇಲೂ ಮರಳಿನಲ್ಲೂ ನೆಲೆಸಿದ ಒಂದು ಗುಂಪಿನ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ನಿಮ್ಮ ಅಮೋನಿಯ, ನೈಟ್ರೈಟ್ ಸೊನ್ನೆ ಇರುವುದರಿಂದ ಈ ಬ್ಯಾಕ್ಟೀರಿಯಗಳ ಕೆಲಸದಲ್ಲಿ ಯಾವ ಕೊರತೆಯೂ ಇಲ್ಲ. ಸಾರಜನಕ ನೈಟ್ರೇಟ್ ಆಗುವಾಗ ಆಮ್ಲಜನಕ ಸೇರಿ ತೂಕ 4.43 ಪಟ್ಟು ಆಗುತ್ತದೆ. ಎಲ್ಲವನ್ನೂ ಗುಣಿಸಿ 500 ಲೀಟರಿಗೆ ಹಂಚಿದರೆ ದಿನಕ್ಕೆ ಲೀಟರಿಗೆ 2.9 ಮಿಲಿಗ್ರಾಂ, ವಾರಕ್ಕೆ ಸುಮಾರು 20 ಮಿಲಿಗ್ರಾಂ ಏರಿಕೆ.

ಈಗ ಭಾನುವಾರದ ಕೆಲಸವನ್ನು ನೋಡಿ. 500ರಲ್ಲಿ 100 ಲೀಟರ್ ಎಂದರೆ ಐದನೆಯ ಒಂದು ಪಾಲು. ನೈಟ್ರೇಟ್ 100 ಇದ್ದಾಗ ನೀರು ಬದಲಿಸಿದರೆ 80ಕ್ಕೆ ಇಳಿಯುತ್ತದೆ, ಮುಂದಿನ ಭಾನುವಾರದೊಳಗೆ 20 ಏರಿ ಪುನಃ 100 ಆಗುತ್ತದೆ. ನೀವು ಹೇಳಿದ ಅಂಕಿಯೂ ಇದೇ ಅಲ್ಲವೇ? ಸ್ಕಿಮ್ಮರ್ ತೆಗೆಯುವುದನ್ನೂ, ಕಲ್ಲಿನ ಒಳಗೆ ಆಮ್ಲಜನಕ ತಲುಪದ ಸಂದುಗಳಲ್ಲಿ ನೈಟ್ರೇಟ್ ಅನಿಲವಾಗಿ ಹೊರಟುಹೋಗುವುದನ್ನೂ ನಾನು ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಜಿಡ್ಡು ಕಟ್ಟಿದ ಸ್ಕಿಮ್ಮರ್ ಏನನ್ನೂ ತೆಗೆಯುತ್ತಿರಲಿಲ್ಲವೆಂದು ನೀವೇ ನೋಡಿದ್ದೀರಿ. ಸರಿಯಾಗಿ ಓಡುವ ಸ್ಕಿಮ್ಮರಿನ ಹಿರಿಮೆ ಇರುವುದು ಇಲ್ಲಿಯೇ: ಕರಗಿದ ಕೊಳೆಯನ್ನು ಅಮೋನಿಯ ಆಗುವ ಮೊದಲೇ ನೊರೆಯೊಡನೆ ಎತ್ತಿ ಹೊರಗೆ ಹಾಕುತ್ತದೆ. ಬಟ್ಟೆಯ ಫಿಲ್ಟರ್ ಚೀಲ ಕಸವನ್ನು ಹಿಡಿದರೂ ಆ ಕಸ ನೀರಿನೊಳಗೇ ಕೊಳೆಯುತ್ತಿರುತ್ತದೆ. ಎರಡು ದಿನಕ್ಕೊಮ್ಮೆ ತೊಳೆಯದಿದ್ದರೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಆಹಾರವನ್ನು ಮೂರು ಗ್ರಾಮಿಗೆ ಇಳಿಸಿ, ವಾರಕ್ಕೆ 150 ಲೀಟರ್ ಬದಲಿಸಿದರೆ, ಏರಿಕೆ 10 ಆಗಿ ಅಂಕಿ ನಿಧಾನವಾಗಿ ಇಳಿದು 33ರ ಸುತ್ತ ನಿಲ್ಲಬೇಕು. ಆದರೆ 22 ಮೀನುಗಳಿಗೆ ಮೂರು ಗ್ರಾಂ ಸಾಲದು. ಉಪವಾಸ ಕೆಡವಿ ನೀರನ್ನು ಚೊಕ್ಕಟವಾಗಿ ಇಡುವುದು ಮೀನು ಸಾಕುವ ರೀತಿಯಲ್ಲ. ಆದುದರಿಂದ ಮೀನಿನ ಸಂಖ್ಯೆ ಇಳಿಸದೆ ಈ ಲೆಕ್ಕ ಕೂಡಿಬರುವುದಿಲ್ಲವೆಂದು ಬೇಸರದಿಂದಲೇ ಹೇಳುತ್ತಿದ್ದೇನೆ.

ಕ್ಷಾರತೆ ಕುಸಿದದ್ದೂ ಇದೇ ಕಥೆಯ ಇನ್ನೊಂದು ಮುಖ. ಅಮೋನಿಯ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲ ನೀರಿನ ಬೈಕಾರ್ಬನೇಟನ್ನು ತಿನ್ನುತ್ತದೆ. ನಿಮ್ಮ ಆಹಾರದ ಪ್ರಮಾಣಕ್ಕೆ ದಿನಕ್ಕೆ ಸುಮಾರು 0.26 ಡಿಕೆಎಚ್ ಕಳೆಯುತ್ತದೆ. ದೋಸೆಗೆ ಹಾಕುವ ಅಡುಗೆ ಸೋಡಾ 15 ಗ್ರಾಂ ಹಾಕಿದರೆ 500 ಲೀಟರಿನಲ್ಲಿ 1 ಡಿಕೆಎಚ್ ಏರುತ್ತದೆ. ದಿನದಿನದ ಈ ನಷ್ಟ ತುಂಬಲು ದಿನಕ್ಕೆ ನಾಲ್ಕು ಗ್ರಾಮನ್ನು ಒಂದು ಲೋಟ ಸಿಹಿನೀರಿನಲ್ಲಿ ಕರಗಿಸಿ, ನೀರು ರಭಸವಾಗಿ ಹರಿಯುವ ಕಡೆ ನಿಧಾನವಾಗಿ ಹೊಯ್ಯಿರಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಮುಟ್ಟಬೇಡಿ. 6.2ರಿಂದ 8ಕ್ಕೆ ಏರಿಸಲು ಅದರ ಮೇಲೆ ಹಾಕುವ ಸೋಡಾಕ್ಕೆ ಒಂದು ವಾರವಾದರೂ ತೆಗೆದುಕೊಳ್ಳಿ.

ಸಿಗಡಿಯ ವಿಷಯಕ್ಕೆ ಮಳೆನೀರನ್ನು ಪರೀಕ್ಷಿಸಿದ ಮೇಲೆ ಬರುತ್ತೇನೆ. ಅಲ್ಲಿಯವರೆಗೆ ಆ ಡ್ರಮ್ಮಿನ ನೀರನ್ನು ಬಳಸಬೇಡಿ.

ಕುಂಬಳೆಯ ಅಳಿವೆಬಾಗಿಲು | ಜೂನ್ 25

ನಮ್ಮ ಬಾಗಿಲಲ್ಲೇ ಕಡಲಿರುವಾಗ ಡಬ್ಬಿಯ ಉಪ್ಪಿಗೆ ಇಷ್ಟೊಂದು ದುಡ್ಡು ಸುರಿಯುವುದು ಯಾಕೆ ಎಂಬುದು ನನ್ನ ಪ್ರಶ್ನೆ. 100 ಲೀಟರಿಗೆ ಮೂರೂವರೆ ಕಿಲೊಗಿಂತ ಹೆಚ್ಚು ಉಪ್ಪು ಬೇಕು, ವಾರವಾರ ಅಷ್ಟು ಕೊಳ್ಳಲು ಎಲ್ಲರಿಂದಲೂ ಆಗದು. ನಾನು ಆರು ವರ್ಷಗಳಿಂದ ಕಡಲ ನೀರನ್ನೇ ಕ್ಯಾನುಗಳಲ್ಲಿ ತಂದು ಬಳಸುತ್ತಿದ್ದೇನೆ. ಹೊಳೆ ಸೇರುವ ಅಳಿವೆಯಿಂದ ದೂರ ಹೋಗಿ, ಭರತ ಪೂರ್ತಿ ಏರಿದ ಹೊತ್ತಿನಲ್ಲಿ ತುಂಬಿಸಬೇಕು. ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಎರಡು ವಾರ ಇಟ್ಟರೆ ತೇಲುವ ಜೀವಿಗಳು ಸತ್ತು ತಳಕ್ಕೆ ಕೂರುತ್ತವೆ, ಆ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೆಗೆದು, ಗಾಳಿ ಆಡಿಸಿ, ಅಳೆದು ಹಾಕಬೇಕು. ತೋಟದಮನೆಯ ಅಣ್ಣನೂ ಇದನ್ನು ಯೋಚಿಸಬಹುದು.

ಹೊಸದುರ್ಗದ ಮೀನುಗೂಡು | ಜೂನ್ 26

ಜನವರಿಯಿಂದ ಏಪ್ರಿಲ್‌ವರೆಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ, ನಾನೂ ಬೇಕಲದ ಕಡೆಯಿಂದ ತರುತ್ತೇನೆ. ಆದರೆ ಈಗ ಜೂನ್. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳೆಲ್ಲ ಕೆಂಪು ನೀರನ್ನು ಕಡಲಿಗೆ ತಂದು ಸುರಿಯುವ ಕಾಲ. ಸಿಹಿನೀರು ಹಗುರವಾದ ಕಾರಣ ಮೇಲಿನ ಪದರದಲ್ಲೇ ಹರಡಿಕೊಳ್ಳುತ್ತದೆ, ನಾವು ದಡದಲ್ಲಿ ನಿಂತು ಕ್ಯಾನಿಗೆ ತುಂಬಿಸುವುದೂ ಅದೇ ಪದರವನ್ನು. ಹೊಳೆಯ ಹತ್ತಿರ ಸಾಂದ್ರತೆ ಅಳೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಮಳೆ ಬಿಟ್ಟಿತೆಂದು ಹೋದರೂ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯಲ್ಲಿ ಆಳದ ನೀರು ಮೇಲೆ ಬರುವ ಕಾಲವಿರುತ್ತದೆ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ನೈಟ್ರೇಟ್ ಫಾಸ್ಫೇಟ್ ಹೆಚ್ಚು. ರಾತ್ರಿ ತೆರೆಗಳು ನೀಲಿಯಾಗಿ ಮಿನುಗುವುದನ್ನು ಕಂಡರೆ ಆ ನೀರನ್ನು ಎಂದೂ ತರಬೇಡಿ. ಹಾಗೆ ಮಿನುಗುವ ನಾಕ್ಟಿಲ್ಯೂಕ ಎಂಬ ಸೂಕ್ಷ್ಮಜೀವಿ ತನ್ನ ಮೈಯಲ್ಲಿ ಅಮೋನಿಯವನ್ನು ತುಂಬಿಕೊಂಡಿರುತ್ತದೆ, ಕ್ಯಾನಿನಲ್ಲಿ ಅದು ಸತ್ತರೆ ಅಷ್ಟೂ ನೀರಿಗೆ ಇಳಿಯುತ್ತದೆ.

ಇನ್ನೊಂದು ಮಾತು. ನೀರು ತರಲು ಹೋದವರು ದಡಕ್ಕೆ ಬಿದ್ದ ಹವಳದ ತುಂಡನ್ನೋ, ಬಲೆಗೆ ಸಿಕ್ಕ ಕಡಲಕುದುರೆಯನ್ನೋ ಟ್ಯಾಂಕಿಗೆಂದು ತರುವುದುಂಟು. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಬ್ಯಾಕ್ಟೀರಿಯಗಳಿಗೆ ಮನೆ ಬೇಕೆಂದರೆ ರಂಧ್ರಗಳಿರುವ ಸಿರಾಮಿಕ್ ಕಲ್ಲು ಸಾಕು.

ಪೆರ್ಲದ ಕೃಷಿಕ | ಜೂನ್ 26

ನಾನು ಅಕ್ವೇರಿಯಂ ಇಟ್ಟವನಲ್ಲ, ತಂಗಿಯ ಮಗ ತೋರಿಸಿದನೆಂದು ಓದುತ್ತಾ ಬಂದೆ. ತೋಟದಮನೆಯವರೇ, ನಿಮ್ಮ ಮಾಡಿನ ಮೇಲಕ್ಕೆ ಅಡಕೆಮರಗಳು ಬಾಗಿವೆಯೇ? ಈ ವರ್ಷ ಮದ್ದು ಬಿಟ್ಟದ್ದು ಯಾವಾಗ? ಕೊಳೆರೋಗಕ್ಕೆಂದು ಹೊಡೆಯುವ ತಾಮ್ರದ ಬೋರ್ಡೊ ದ್ರಾವಣ ಗಾಳಿಗೆ ಹಾರಿ ನಮ್ಮ ಹೆಂಚಿನ ಮೇಲೆಲ್ಲ ಬೀಳುತ್ತದೆ. ಮದ್ದು ಬಿಟ್ಟ ಮೇಲೆ ಮಾಡಿನ ನೀರನ್ನು ದನಗಳಿಗೂ ಕುಡಿಸಬಾರದೆಂದು ನಮ್ಮ ಅಪ್ಪ ಹೇಳುತ್ತಿದ್ದರು.

ತೋಟದಮನೆ, ಬದಿಯಡ್ಕ | ಜೂನ್ 28

ಪೆರ್ಲದ ಅಣ್ಣನಿಗೆ ಕೈಮುಗಿಯುತ್ತೇನೆ. ಮನೆಯ ಮೂರು ಕಡೆಯೂ ತೋಟವೇ. ಮದ್ದು ಬಿಟ್ಟದ್ದು ಜೂನ್ ಮೊದಲ ವಾರ, ಎರಡು ದಿನ ಬಿಟ್ಟು ಮಳೆ ಹಿಡಿಯಿತು, ನಾನು ಡ್ರಮ್ ಇಟ್ಟದ್ದೂ ಆಗಲೇ. ನಿಮ್ಮ ಮಾತು ಓದಿದ ಕೂಡಲೇ ಹೋಗಿ ಡ್ರಮ್ಮಿನ ನೀರನ್ನು ಅಲುಗಿಸದೆ ಮೇಲಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದೆ. ತಳದಲ್ಲಿ ಹೆಂಚಿನ ಹಾವಸೆಯ ಜೊತೆ ತಿಳಿನೀಲಿ ಬಣ್ಣದ ನಯವಾದ ಕೆಸರು ಒಂದು ಬೆರಳು ಅಗಲಕ್ಕೆ ಕೂತಿತ್ತು. ಅಡಕೆಗೊನೆಗಳ ಮೇಲೆ ಮದ್ದು ಒಣಗಿದಾಗ ಕಾಣುವ ಬಣ್ಣವೇ ಅದು, ಸಣ್ಣಂದಿನಿಂದ ಕಂಡದ್ದು, ಬೇರೆಯವರು ಹೇಳಬೇಕಾಗಿಲ್ಲ. ಮಂಗಳೂರಿನಿಂದ ತಾಮ್ರದ ಟೆಸ್ಟ್ ಕಿಟ್ ತರಿಸಿ ನೋಡಿದೆ. ಟ್ಯಾಂಕಿನ ನೀರು ಲೀಟರಿಗೆ 0.15 ಮಿಲಿಗ್ರಾಂ ತೋರಿಸಿತು. ಉಳಿದಿದ್ದ ಎರಡು ಸಿಗಡಿಗಳಲ್ಲಿ ಒಂದು ನಿನ್ನೆ ರಾತ್ರಿ ಹೋಯಿತು. ನನ್ನ ಕೈಯಾರೆ ದಿನದಿನ ವಿಷ ಹೊಯ್ದಂತಾಯಿತು ಎಂದು ಬಹಳ ನೋವಾಗಿದೆ.

ಮಂಜೇಶ್ವರದ ಕೆಮಿಸ್ಟ್ರಿ ಟೀಚರ್ | ಜೂನ್ 28

ಸಿಗಡಿ, ಬಸವನಹುಳುಗಳು ಸತ್ತು ಮೀನುಗಳು ಮಾತ್ರ ಎಂದಿನಂತೆ ತಿನ್ನುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ತಾಮ್ರವನ್ನು. ನಾನು ಮಳೆನೀರೆಂದು ಓದಿದಾಗ ತಗಡಿನ ಮಾಡು, ಹಿತ್ತಾಳೆಯ ನಲ್ಲಿ ಎಂದೆಲ್ಲ ಯೋಚಿಸುತ್ತಿದ್ದೆ. ತೋಟದ ಮದ್ದು ಹೊಳೆದದ್ದು ಪೆರ್ಲದವರಿಗೆ.

ಎಷ್ಟು ಸ್ವಲ್ಪ ಸಾಕು ಎನ್ನುವುದನ್ನು ನೋಡಿ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಎಂಬುದು ಎಲ್ಲರಿಗೂ ಗೊತ್ತಿರುವ ಅಳತೆ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ, ಅಂದರೆ ಒಂದು ಲೀಟರ್ ದ್ರಾವಣದಲ್ಲಿ 2.5 ಗ್ರಾಂ. ಬರಿಯ 40 ಮಿಲಿಲೀಟರ್ ದ್ರಾವಣದ ತಾಮ್ರವೆಲ್ಲ ನಿಮ್ಮ 500 ಲೀಟರಿನಲ್ಲಿ ಕರಗಿದರೆ ಲೀಟರಿಗೆ 0.2 ಮಿಲಿಗ್ರಾಂ ಆಗುತ್ತದೆ. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಬೇರೆ ಟ್ಯಾಂಕಿಗೆ ಹಾಕಿ ತಾಮ್ರದ ಔಷಧಿ ಕೊಡುವುದು ಸರಿಸುಮಾರು ಇದೇ ಮಟ್ಟದಲ್ಲಿ. ಮೀನು ಅದನ್ನು ತಾಳಿಕೊಳ್ಳುತ್ತದೆ, ರೋಗದ ಪರಾವಲಂಬಿ ತಾಳಲಾರದು, ಸಿಗಡಿಯೂ ತಾಳಲಾರದು. ಸುಣ್ಣದ ದೆಸೆಯಿಂದ ತಾಮ್ರ ಬೇಗ ಕರಗದೆ ಗೊನೆಗೆ ಅಂಟಿಕೊಂಡಿರುತ್ತದೆ, ಮಳೆಯ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಗೊನೆಯನ್ನು ಕಾಯುವ ಆ ಗುಣವೇ ನಿಮ್ಮ ಹೆಂಚಿನ ಮೇಲೂ ಕೆಲಸ ಮಾಡಿದೆ.

ಈಗ ಮಾಡಬೇಕಾದದ್ದು ಇಷ್ಟು. ಸುರಂಗದ ನೀರಿಗೆ ಮರಳಿ. ನಮ್ಮ ಮುರಕಲ್ಲಿನ ಗುಡ್ಡದ ನೀರು ಮೆದು, ತುಸು ಹುಳಿಗುಣದ್ದು, ಆರ್‌ಒ ಯಂತ್ರಕ್ಕೆ ಹೊರೆಯಾಗದು. ಯಂತ್ರದಿಂದ ಬರುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ವಸ್ತುಗಳ ಅಳತೆ) ಸೊನ್ನೆಯ ಹತ್ತಿರ ಇರಬೇಕು, ಏರಿದರೆ ಪೊರೆ ಹಳೆಯದಾಯಿತೆಂದು ತಿಳಿಯಿರಿ. ಉಳಿದ ಸಿಗಡಿಯನ್ನು ಇಂದೇ ಹೊಸದಾಗಿ ಕಲಸಿದ ಉಪ್ಪುನೀರಿಗೆ, ಗಂಟೆಗಟ್ಟಲೆ ಹೊಂದಿಸಿಕೊಂಡು, ಸಾಗಿಸಿ. ಸಂಪಿನಲ್ಲಿ ತಾಜಾ ಆ್ಯಕ್ಟಿವೇಟೆಡ್ ಕಾರ್ಬನ್ ಮತ್ತು ತಾಮ್ರ ಹೀರುವ ರೆಸಿನ್ ಇಡಿ. ಕಿಟ್ ಸೊನ್ನೆ ತೋರಿಸಿದ ಕೂಡಲೇ ನಂಬಬೇಡಿ, ಸುಣ್ಣದಂಶದ ಕಲ್ಲು ಮರಳುಗಳು ತಾಮ್ರವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತಿರುತ್ತವೆ. ತಿಂಗಳೊಪ್ಪತ್ತು ಕಳೆದ ಮೇಲೆ ಒಂದೇ ಒಂದು ಬಸವನಹುಳುವನ್ನು ಬಿಟ್ಟು ನೋಡಬಹುದು.

ಪೆರ್ಲದ ಕೃಷಿಕನ ತಂಗಿಯ ಮಗ | ಜೂನ್ 30

ಟೀಚರೇ, ಒಂದು ಸಂಶಯ. ಫಾಸ್ಫೇಟ್ ಹೀರಲು ಅಂಗಡಿಯಲ್ಲಿ ಕೊಡುವ ಕೆಂಪು ಹರಳುಗಳು ಕಬ್ಬಿಣದ ಆಕ್ಸೈಡ್ ಎಂದು ಓದಿದೆ. ಮುರಕಲ್ಲಿನಲ್ಲಿರುವುದೂ ಕಬ್ಬಿಣದ ಆಕ್ಸೈಡೇ. ಅದನ್ನೇ ಕುಟ್ಟಿ ಹಾಕಬಾರದೇ?

ಮಂಜೇಶ್ವರದ ಕೆಮಿಸ್ಟ್ರಿ ಟೀಚರ್ | ಜೂನ್ 30

ಒಳ್ಳೆಯ ಪ್ರಶ್ನೆ ಮಗಾ. ಮುರಕಲ್ಲು ಫಾಸ್ಫೇಟನ್ನು ಹಿಡಿಯುವುದು ನಿಜ, ತೋಟಕ್ಕೆ ಹಾಕಿದ ರಂಜಕದ ಗೊಬ್ಬರ ನಮ್ಮ ಕೆಂಪು ಮಣ್ಣಿನಲ್ಲಿ ಕಟ್ಟಿಹೋಗುವುದೂ ಅದರಿಂದಲೇ. ಆದರೆ ಕುಟ್ಟಿದ ಮುರಕಲ್ಲಿನಿಂದ ಏಳುವ ಜೇಡಿಯ ಧೂಳು ಎಷ್ಟು ತೊಳೆದರೂ ಮುಗಿಯುವುದಿಲ್ಲ, ಮೀನಿನ ಕಿವಿರಿಗೆ ಹೋಗಿ ಕೂರುತ್ತದೆ. ಬೇಡ.

ಕುಂಬಳೆಯ ಅಳಿವೆಬಾಗಿಲು | ಜುಲೈ 3

ಮಳೆಗಾಲವಾದ ಕಾರಣ ಒಂದನ್ನು ನೆನಪಿಸುತ್ತೇನೆ. 28 ಡಿಗ್ರಿಯ ಕಡಲ ನೀರಿನಲ್ಲಿ ಆಮ್ಲಜನಕ ಲೀಟರಿಗೆ 6.4 ಮಿಲಿಗ್ರಾಮಿನ ಆಸುಪಾಸಿನಷ್ಟೇ ಕರಗಿರುತ್ತದೆ. ಮೀನು ಕಿಕ್ಕಿರಿದ ಟ್ಯಾಂಕಿನಲ್ಲಿ ಕರೆಂಟು ಹೋಗಿ ಪಂಪ್ ನಿಂತರೆ, ಮೀನುಗಳೂ ಬ್ಯಾಕ್ಟೀರಿಯಗಳೂ ಅದನ್ನು ಬೇಗನೆ ಮುಗಿಸುತ್ತವೆ. ಹೋದ ವರ್ಷ ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲದಾಗ ನಾನು ಎರಡು ಗಂಟೆಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬೆಳಗಾಗುವವರೆಗೆ ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಹೊಯ್ಯುತ್ತಾ ಕೂತೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ. ಮುಚ್ಚಿದ ಡಬ್ಬಿಯ ಫಿಲ್ಟರ್ ಇರುವವರು ಕರೆಂಟು ಬಂದ ಕೂಡಲೇ ಹಾಗೆಯೇ ಚಾಲೂ ಮಾಡಬಾರದು, ಒಳಗೆ ಕೊಳೆತು ನಾರುವ ನೀರನ್ನು ಚೆಲ್ಲಿ ತೊಳೆದ ಮೇಲೆಯೇ ಮಾಡಬೇಕು. ಕರೆಂಟಿಲ್ಲದ ದಿನ ಆಹಾರವನ್ನೂ ಹಾಕಬೇಡಿ.

ತೋಟದಮನೆ, ಬದಿಯಡ್ಕ | ಆಗಸ್ಟ್ 14

ಏಳು ವಾರಗಳ ವರದಿ ಕೊಡುತ್ತೇನೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಎಂಟು ಮೀನುಗಳನ್ನು ಕೊಟ್ಟೆ. ಎರಡು ಟ್ಯಾಂಗ್ ಮತ್ತು ದೊಡ್ಡ ಏಂಜೆಲನ್ನು ಹೊಸದುರ್ಗದವರೇ ಬಂದು ಒಯ್ದರು, ಅವರ ಟ್ಯಾಂಕ್ ನನ್ನದರ ಮೂರು ಪಟ್ಟು ಇದೆ. ಐದು ಡ್ಯಾಮ್ಸೆಲ್‌ಗಳು ಕುಂಬಳೆಗೆ ಹೋದವು. ಏಂಜೆಲ್ ಹೋದ ದಿನ ಊಟ ಸೇರಲಿಲ್ಲವೆಂದು ಬರೆಯಲು ನನಗೆ ನಾಚಿಕೆಯಿಲ್ಲ. ಉಳಿದ 14ಕ್ಕೆ ದಿನಕ್ಕೆ ಮೂರು ಗ್ರಾಂ, ಅದೂ ತೂಗಿ. ಭಾನುವಾರಕ್ಕೆ 150 ಲೀಟರ್, ಸುರಂಗದ ನೀರಿನಲ್ಲಿ ಕಲಸಿದ ಉಪ್ಪು. ಸ್ಕಿಮ್ಮರಿನ ಕೊರಳನ್ನು ಎರಡು ದಿನಕ್ಕೊಮ್ಮೆ ಒರೆಸುತ್ತೇನೆ. ಹೋದ ಭಾನುವಾರ ನೀರು ಬದಲಿಸುವ ಮೊದಲು ನೈಟ್ರೇಟ್ 40 ಇತ್ತು. ಕ್ಷಾರತೆ 8.1, ಆಹಾರ ಅರ್ಧಕ್ಕೆ ಇಳಿದುದರಿಂದ ಅಡುಗೆ ಸೋಡಾವನ್ನೂ ಎರಡು ಗ್ರಾಮಿಗೆ ಇಳಿಸಿದ್ದೇನೆ. ತಾಮ್ರದ ಕಿಟ್ ನಾಲ್ಕು ವಾರಗಳಿಂದ ಸೊನ್ನೆ ತೋರಿಸುತ್ತಿದ್ದರೂ ಟೀಚರ್ ಹೇಳಿದ್ದನ್ನು ನೆನೆದು ರೆಸಿನನ್ನು ತೆಗೆದಿಲ್ಲ. ಬೇರೆ ಡಬ್ಬಿಗೆ ಸಾಗಿಸಿದ ಆ ಒಂದು ಸಿಗಡಿ ಬದುಕಿದೆ, ಎರಡು ಸಲ ಚಿಪ್ಪು ಕಳಚಿದೆ.

ಮೊನ್ನೆ ಒಂದು ಬಸವನಹುಳುವನ್ನು ಬಿಟ್ಟೆ. ರಾತ್ರಿಯೆಲ್ಲ ಮರಳಿನಲ್ಲೇ ಇತ್ತು. ಬೆಳಗ್ಗೆ ಐದೂವರೆಗೆ ಟಾರ್ಚ್ ಹಾಕಿ ನೋಡಿದಾಗ ಹಿಂದಿನ ಗಾಜಿನ ನಡುವಿನವರೆಗೆ ಏರಿತ್ತು, ಅದು ಹತ್ತಿದ ದಾರಿಯಲ್ಲಿ ಪಾಚಿ ತಿಂದ ಸ್ವಚ್ಛ ಗೆರೆಯೊಂದು ಕಾಣುತ್ತಿತ್ತು. ತೋಟಕ್ಕೆ ಎರಡನೆಯ ಮದ್ದು ಜುಲೈ ಕೊನೆಗೇ ಆಯಿತು. ಆ ದಿನ ಚಾವಡಿಯ ಕಿಟಕಿಗಳನ್ನು ಮುಚ್ಚಿ, ಟ್ಯಾಂಕಿನ ಮೇಲೆ ಒದ್ದೆ ಬೈರಾಸು ಹೊದೆಸಿ, ಏರ್ ಪಂಪಿನ ಕೊಳವೆಯನ್ನು ಒಳಕೋಣೆಗೆ ಎಳೆದಿಟ್ಟಿದ್ದೆ. ಡ್ರಮ್ಮನ್ನು ತೊಳೆದು ತೋಟದ ಶೆಡ್ಡಿಗೆ ಕೊಟ್ಟಿದ್ದೇನೆ, ಮದ್ದು ಕಲಸಲು ಅವರಿಗೆ ಒಂದು ಬೇಕಿತ್ತು.